ಬಲಕ್ಕೆ ಬಿದ್ದ ಚಿಪ್

ನಿತೇಶನ ಯಂತ್ರಕ್ಕೆ ಕಣ್ಣು ಚೆನ್ನಾಗಿತ್ತು, ಕೈಯೂ ಚೆನ್ನಾಗಿತ್ತು. ಕಣ್ಣು ಕಂಡದ್ದು ಕೈಗೆ ತಿಳಿಯುವಷ್ಟರಲ್ಲಿ ಮಾತ್ರ ಮಾವಿನಹಣ್ಣು ದಾಟಿ ಹೋಗಿರುತ್ತಿತ್ತು. ಹಟ್ಟಿಕೇರಿಯ ಮಾವು ಬೆಳೆಗಾರರ ಸಂಘಕ್ಕಾಗಿ ಅವನು ಕಟ್ಟಿದ ಯಂತ್ರ ಅದು. ಬೆಲ್ಟಿನ ಮೇಲೆ ಸಾಗುವ ಹಣ್ಣಿನ ಫೋಟೊ ತೆಗೆದು, ಕರಿ ಇಶಾಡ ತಳಿಯದನ್ನು ಒಂದು ಬುಟ್ಟಿಗೆ, ಬಿಳಿ ಇಶಾಡವನ್ನು ಇನ್ನೊಂದು ಬುಟ್ಟಿಗೆ ತಗಡಿನ ಕೈಯಿಂದ ತಳ್ಳಬೇಕು. ಅದು ಒಂದು ಹಣ್ಣನ್ನು ನೋಡಿ ಅದರ ಹಿಂದಿನದನ್ನು ತಳ್ಳುತ್ತಿತ್ತು.

ತಪ್ಪೆಲ್ಲ ಯುಎಸ್‌ಬಿ ಕಂಟ್ರೋಲರ್ ಎಂಬ ಉಗುರಿನಷ್ಟು ಚಿಪ್ಪಿನದು. ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ಸಾಗಿಸುವುದು ಅದರ ಕೆಲಸ. ವೇಗದ ಚಿಪ್ ಬಂದು ಯಂತ್ರ ನಡೆದರೆ ನಿತೇಶನಿಗೆ ಸಂಘದಲ್ಲಿ ಕಾಯಂ ನೌಕರಿ. ಇಲ್ಲದಿದ್ದರೆ ಭಾವನ ಸಿಗಡಿ ಹೊಂಡ ಕಾಯುವ ಕೆಲಸ. ಆ ಭಾವನ ಬಾಯಿಗೆ ಹೆದರಿ ನಾಯಿಗಳೂ ಹೊಂಡದ ಕಡೆ ಸುಳಿಯುತ್ತಿರಲಿಲ್ಲ.

ಚಿಪ್ ಕೊಳ್ಳುವುದೋ ಬೇಡವೋ ಎಂದು ಬೆಳಿಗ್ಗೆಯೇ ಸಂಘದ ಸಭೆ ಸೇರಿತು. ಅಧ್ಯಕ್ಷ ರಾಮನಾಥ ಕನ್ನಡಕ ಏರಿಸಿ ಕೇಳಿದ, "ಈಗ ಇದ್ದದ್ದು ಎಂತ ಸ್ಪೀಡೋ?"

"ಫುಲ್ ಸ್ಪೀಡು ರಾಮನಾಥಣ್ಣ."

"ನಿಂಗೆ ಬೇಕಾದ್ದು?"

"ಹೈ ಸ್ಪೀಡು. ಅದು ಇದ್ರ ನಲವತ್ತು ಪಟ್ಟು."

"ಫುಲ್ ಆದ್ಮೇಲೆ ಮತ್ತೆಲ್ಲಿ ಜಾಗ ಮಾರಾಯಾ? ತುಂಬಿದ ಕೊಡಕ್ಕೆ ನೀರು ಹಾಕಿದ್ರೆ ಚೆಲ್ಲೂದೇ ಅಲ್ದಾ?"

ಆ ಹೆಸರಿಟ್ಟ ಕಾಲದಲ್ಲಿ ಅದೇ ದೊಡ್ಡ ವೇಗವಾಗಿತ್ತೆಂದು ನಿತೇಶ ಬೆವರಿಳಿಸಿಕೊಂಡು ವಿವರಿಸಿದ. ಯಾರೂ ಕೇಳಲಿಲ್ಲ. ಅಂಕೋಲೆ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಸದಸ್ಯ ತುಳಸಿದಾಸ, "ಚಿಪ್ ಎಂತಕೆ? ನನ್ನಲ್ಲಿ ದಪ್ಪ ಕೇಬಲ್ ಅದೆ," ಎಂದ. ಇನ್ನೊಬ್ಬ ಸದಸ್ಯೆ ಮಂಗಲಾ ನಿಜವಾದ ಕರುಣೆಯಿಂದಲೇ ಹೇಳಿದಳು, "ನಮ್ಮನೆ ಟಿವಿ ಹಿಂದೆ ಒಂದು ಯುಎಸ್‌ಬಿ ತೂತು ಸುಮ್ನೆ ಬಿದ್ಕಂಡದೆ. ಕಿತ್ತು ಕೊಡ್ಲಾ ತಮ್ಮಾ?"

ಮಧ್ಯಾಹ್ನವಾದರೂ ತೀರ್ಮಾನವಾಗಲಿಲ್ಲ. "ದೇವಸ್ಥಾನದಲ್ಲಿ ಪ್ರಸಾದ ಕೇಳೂದೇ ಸೈ," ಎಂದ ರಾಮನಾಥ. ದೇವರಿಗೆ ಅಂಟಿಸಿದ ಹೂವಿನ ಎಸಳು ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಎಲ್ಲರೂ ಕೂಡಲೇ ಒಪ್ಪಿದರು. ದೇವರ ಮೇಲೆ ಹಾಕಿದ ಖರೀದಿಯನ್ನು ಆಡಿಟ್‌ನವರೂ ಪ್ರಶ್ನಿಸುವುದಿಲ್ಲ ಎಂಬುದು ಸಂಘದ ಅನುಭವ.

ಅಪ್ಪಣೆ ಸಿಕ್ಕ ಮೇಲೂ ತುಳಸಿದಾಸ ತನ್ನ ಅಂಗಡಿಯ ಯಾವುದೋ ಮಾಲು ತಂದು ತುರುಕಿಯಾನೆಂದು ನಿತೇಶನಿಗೆ ಭಯ. ಅದಕ್ಕೇ ಗರ್ಭಗುಡಿಯ ಮುಂದೆ ಚಿಪ್ಪಿನ ನಂಬರನ್ನು ಒಂದಕ್ಷರ ಬಿಡದೆ ಹೇಳಿದ.

"ಗೋತ್ರ?" ಭಟ್ಟರು ಕೇಳಿದರು.

"ತೈವಾನು."

"ಗೊತ್ತಿಲ್ದೇ ಇದ್ರೆ ಕಾಶ್ಯಪ ಹೇಳಿ ಮಾಡ್ತೆ," ಎಂದು ಭಟ್ಟರು ಪ್ರಾರ್ಥನೆ ಮುಗಿಸಿದರು. ಎಸಳು ಸ್ವಲ್ಪ ಅಲುಗಿತು, ತಡೆಯಿತು, ಬಲಕ್ಕೆ ಬಿತ್ತು. ನಿತೇಶನಿಗೆ ಸಂತೋಷದಿಂದ ಅಳುವೇ ಬಂತು.

ಅಂಗಳದಲ್ಲೇ ನಿಂತು ಅವನು ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ್ದು ತಪ್ಪಾಯಿತು.

"ಆ ನಂಬರ್ ಸ್ಟಾಕ್ ಇಲ್ಲ ಸಾರ್. ಮುಂದಿನ ಬೇಸಿಗೆಗೆ ಬರಬಹುದು. ಅದಕ್ಕಿಂತ ಒಳ್ಳೇದು ಇನ್ನೊಂದಿದೆ, ಇವತ್ತೇ ಕಳಿಸ್ಲಾ?"

"ಕಳ್ಸಿ, ಕಳ್ಸಿ!"

ರಾಮನಾಥ ಫೋನ್ ಕಸಿದುಕೊಂಡ. "ಬ್ಯಾಡ! ದೇವ್ರು ಹೇಳಿದ್ದು ಒಂದು, ತರೂದು ಇನ್ನೊಂದಾ?"

"ಹಾಗಾದ್ರೆ ಇನ್ನೊಂದ್ಸಲ ಕೇಳ್ವಾ ರಾಮನಾಥಣ್ಣ."

"ಒಂದೇ ವಿಷ್ಯ ಎರಡು ಸಲ ಕೇಳೂದು ಅಂದ್ರೆ ದೇವ್ರ ಮೇಲೆ ಸಂಶಯ ಇಟ್ಟ ಹಾಗೆ ಆಗ್ತದೆ."

"ನಂಬರ್ ಪೂರ್ತಿ ಹೇಳಿದ್ದು ನೀನೇ ಅಲ್ದಾ?" ಎಂದು ತುಳಸಿದಾಸ ತಣ್ಣಗೆ ಸೇರಿಸಿದ.

ನಿತೇಶ ಮೆಟ್ಟಿಲ ಮೇಲೆ ಕುಸಿದು ಕೂತ. ಅಷ್ಟರಲ್ಲಿ ರಾಮನಾಥನ ಫೋನ್ ಬಡಿದುಕೊಂಡಿತು. ಯಂತ್ರ ನೋಡಲು ಕಾರವಾರದಿಂದ ಹೊರಟ ತೋಟಗಾರಿಕೆ ಇಲಾಖೆಯ ಸಾಹೇಬರು ಊರಿನ ಹತ್ತಿರಕ್ಕೇ ಬಂದಾಗಿತ್ತು!

ಎಲ್ಲರೂ ಶೆಡ್ಡಿಗೆ ಓಡಿದರು. ರಾಮನಾಥ ಯಂತ್ರವನ್ನು ನೋಡಿದ, ಅದರ ಕೆಳಗಿನ ತಗಡಿನ ಪೆಟ್ಟಿಗೆಯನ್ನು ನೋಡಿದ, ಕೊನೆಗೆ ನಿತೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೀ ಸಪೂರ ಇದ್ದೆ. ಒಳಗೆ ಹೋಗು."

"ನಾನಾ?"

"ಮತ್ತೆ ಸಿಗಡಿ ಹೊಂಡಕ್ಕೆ ಹೋಗ್ತ್ಯಾ?"

ನಿತೇಶ ಮುದುಡಿಕೊಂಡು ಪೆಟ್ಟಿಗೆಯೊಳಗೆ ಕೂತ. ಸೆಕೆಗೆ ಮೈಯೆಲ್ಲ ನೀರಾಯಿತು. ತೂತಿನಿಂದ ಹಣ್ಣು ನೋಡುವುದು, ತಗಡಿನ ಕೈ ತಳ್ಳುವುದು. ಹುಟ್ಟಿದಾಗಿನಿಂದ ತಿಂದ ಹಣ್ಣು, ಒಂದೂ ತಪ್ಪಲಿಲ್ಲ. ಸಾಹೇಬರು ಬೆರಗಾದರು.

"ಎಷ್ಟು ಚುರುಕು! ಕಂಟ್ರೋಲರ್ ಯಾವುದು ಹಾಕಿದ್ದೀರಿ?"

"ಊರಿದ್ದೇ ಸಾರ್," ಎಂದ ರಾಮನಾಥ.

"ಭೇಷ್! ಇದರಲ್ಲಿ ಒಂದು ಸ್ಕ್ರೂ ಕೂಡ ಬದಲಿಸಬೇಡಿ. ಸೀಸನ್ ಪೂರ್ತಿ ಹೀಗೇ ನಡೀಲಿ. ಬೇರೆ ತಾಲೂಕಿನ ರೈತರನ್ನು ದಿನಾ ಕಳಿಸ್ತೇನೆ."

ಜೀಪು ಹೊರಟ ಮೇಲೆ ರಾಮನಾಥ ಪೆಟ್ಟಿಗೆಯ ಬಾಗಿಲು ತೆಗೆದ. ಅವನ ಕಣ್ಣಲ್ಲಿ ನೀರಿತ್ತು.

"ತಮ್ಮಾ, ನಿನ್ನ ನೌಕರಿ ಕಾಯಂ ಆಯ್ತು!"

"ಚಿಪ್ಪು?"

"ದೇವ್ರು ಹೌದು ಅಂದಾನೆ. ಯಾವಾಗ ಅಂದಿಲ್ಲ."

"ಅಲ್ಲಿ ತನಕ?"

ರಾಮನಾಥ ಪೆಟ್ಟಿಗೆಯೊಳಗೆ ಕೈಯಾಡಿಸಿ ಜಾಗ ಅಳೆದ. "ಸಣ್ಣದೊಂದು ಫ್ಯಾನು ಇಡಿಸ್ತೆ. ನಾಳೆ ಬೆಳಿಗ್ಗೆ ದೇವಬಾಗದ ರೈತರು ನೋಡೂಕೆ ಬರ್ತರೆ. ಒಳಗೆ ಕೆಮ್ಬೇಡ ಮಾತ್ರ."