ಎದೆ ನಲವತ್ತೆರಡು, ಸೊಂಟ ಮೂವತ್ತಾರು

ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಅಂತ ಯಾರೋ ಹೇಳಿಟ್ಟು ಹೋಗಿದ್ದಾರೆ. ಹಾಗೆ ಹೇಳಿದವನು ನನ್ನನ್ನು ನೋಡಿರಲಿಲ್ಲ ಅಷ್ಟೆ. ನನ್ನ ಹೆಂಡತಿ ಸರೋಜ ನಮ್ಮ ಮದುವೆಯಾದ ಹೊಸದರಲ್ಲಿ ನನ್ನ ಬಗ್ಗೆ ಅವಳ ತವರಿನಲ್ಲಿ ಏನು ಹೇಳಿದ್ದಳು ಅಂತ ನನಗೆ ಇವತ್ತಿಗೂ ತಿಳಿದಿಲ್ಲ; ನನ್ನ ವಿಷಯವೋ, ಶಿವಮೊಗ್ಗದ ನಮ್ಮ ಕೋಟೆ ರಸ್ತೆಯ ಹೂವಿನವರಿಂದ ಹಿಡಿದು ಸೋಡದವರವರೆಗೆ ಎಲ್ಲರಿಗೂ ಗೊತ್ತು. ಆದರೆ ಇದರಲ್ಲಿ ನನ್ನ ತಪ್ಪು ಎಷ್ಟು, ನನ್ನ ಕಸುಬಿನ ತಪ್ಪು ಎಷ್ಟು ಅಂತ ಓದುವವರು ನ್ಯಾಯವಾಗಿ ಯೋಚಿಸಬೇಕು. ನಾನು ಟೈಲರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಟೇಪು ಕುತ್ತಿಗೆಗೆ ಹಾಕಿಕೊಂಡವನು. ಗಿರಾಕಿಯ ಮೈಮೇಲೆ ಟೇಪು ಹಿಡಿದು ನಾನು ಕೂಗಬೇಕು, ಕೌಂಟರಿನಲ್ಲಿ ಕೂತ ಸರೋಜ ಬರೆದುಕೊಳ್ಳಬೇಕು. "ಶೋಲ್ಡರ್ ಹದಿನೆಂಟು! ತೋಳು ಇಪ್ಪತ್ತನಾಲ್ಕು!" ಅಂತ ಕೂಗಿ ಕೂಗಿ, ಬಾಯಿಂದ ಹೊರಗೆ ಬರದ ಹೊರತು ಯಾವ ನಂಬರೂ ನನ್ನ ಕೈಗೆ ಹತ್ತುವುದಿಲ್ಲ. ಫೋನ್ ಒತ್ತುವಾಗಲೂ ಕೂಗಿಕೊಂಡೇ ಒತ್ತುತ್ತೇನೆ. "ಮೆಲ್ಲಗೆ ಹೇಳಿದ್ರೆ ನಿಮ್ಮ ಬೆರಳಿಗೆ ಕಿವಿ ಕೇಳ್ಸಲ್ವಾ?" ಅಂತ ಸರೋಜ ಕೇಳುತ್ತಾಳೆ. ಕೇಳಿಸುವುದಿಲ್ಲ, ಏನು ಮಾಡಲಿ?

ಇಂಥ ನನ್ನ ಕೈಗೆ ನಮ್ಮ ಅಕ್ಕ ಸುಶೀಲ ತನ್ನ ಎಟಿಎಂ ಕಾರ್ಡು ಕೊಟ್ಟಳು. ಅಕ್ಕ ಭದ್ರಾವತಿಯಲ್ಲಿ ಒಂದು ಆಸ್ಪತ್ರೆಯಲ್ಲಿ ಆಯಾ. ಅಲ್ಲಿಯವರೆಗೆ ಸಂಬಳವನ್ನು ಕವರಿನಲ್ಲಿ ಹಾಕಿ ಕೈಗೆ ಕೊಡುತ್ತಿದ್ದ ಆಫೀಸಿನವರು ಇದ್ದಕ್ಕಿದ್ದಂತೆ ಬ್ಯಾಂಕಿಗೇ ಹಾಕುತ್ತೇವೆ ಅಂದರು. ಬ್ಯಾಂಕಿನವರು ಕಾರ್ಡು ಕೊಟ್ಟರು. ಆ ಬ್ಯಾಂಕಿನ ಮಿಷಿನ್ನು ಆಗ ಇದ್ದಿದ್ದು ಶಿವಮೊಗ್ಗದಲ್ಲಿ ಮಾತ್ರ. ಮಂಡಿ ನೋವಿನ ಅಕ್ಕ ಬಸ್ಸು ಹತ್ತಿ ಇಳಿದು ಎಷ್ಟು ಸಲ ಓಡಾಡುತ್ತಾಳೆ? "ನಿನ್ನ ಅಂಗಡಿ ಹತ್ರವೇ ಇದೆಯಲ್ಲ ಕಣೋ ನಾಗರಾಜ, ತೆಗೆದು ತಂದ್ಕೊಡು ಮಾರಾಯ" ಅಂದಳು. ಭಾವನ ಎದುರಿಗೇ ನಂಬರೂ ಹೇಳಿದಳು. ನಾಲ್ಕು ಎರಡು ಮೂರು ಆರು. ನನಗೆ ಅದು ಆ ಕ್ಷಣವೇ ಒಬ್ಬ ಮನುಷ್ಯನಾಗಿ ಕಂಡಿತು. ಎದೆ ನಲವತ್ತೆರಡು, ಸೊಂಟ ಮೂವತ್ತಾರು. ಒಳ್ಳೆ ಮೈಕಟ್ಟು. ಇನ್ನು ಜನ್ಮದಲ್ಲಿ ಮರೆಯುವುದಿಲ್ಲ ಅಂದುಕೊಂಡೆ.

ಈಗ ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ನಂಬರು ಯಾರಿಗೂ ಹೇಳಬಾರದು, ಹುಟ್ಟಿದ ತಾರೀಖು ಹೇಳಬಾರದು, ಖಾತೆಯಲ್ಲಿ ಎಷ್ಟಿದೆ ಅಂತ ಬಾಯಿ ಬಿಡಬಾರದು. ಸ್ವಾಮಿ, ಹೀಗೆ ಹೇಳುವವರು ಯಾವತ್ತಾದರೂ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬಂದಿದ್ದಾರೆಯೇ? ಪಕ್ಕದಲ್ಲಿ ಕೂತವರು ಟಿಕೆಟ್ ತೆಗೆಯುವ ಮೊದಲೇ "ಯಾವೂರು, ಏನು ಕೆಲಸ, ಸಂಬಳ ಎಷ್ಟು ಬರುತ್ತೆ?" ಅಂತ ಕೇಳುತ್ತಾರೆ. ಊರು ದಾಟುವಷ್ಟರಲ್ಲಿ ಮನೆ ಸ್ವಂತದ್ದೋ ಬಾಡಿಗೆಯದೋ ಅಂತ ತಿಳಿದಿರಬೇಕು. ಹೇಳದೆ ಕೂತರೆ "ಭಾರೀ ಗರ್ವದ ಮನುಷ್ಯ" ಅಂತ ಆಚೆ ಸೀಟಿನವರಿಗೆ ಹೇಳುತ್ತಾರೆ. ಹುಟ್ಟಿದಾಗಿನಿಂದ ಎಲ್ಲವನ್ನೂ ಎಲ್ಲರಿಗೂ ಹೇಳಿ ಬೆಳೆದವರಿಗೆ ಒಂದು ಪ್ಲಾಸ್ಟಿಕ್ ತುಂಡು ಕೊಟ್ಟು, ಇನ್ನು ಮೇಲೆ ಬಾಯಿ ಮುಚ್ಚಿಕೊಂಡಿರಿ ಅಂದರೆ ಹೇಗೆ? ಹಾಗಂತ ಬ್ಯಾಂಕಿನವರು ಒಂದು ಕಾಗದ ಕೊಟ್ಟಿದ್ದರಂತೆ. ಆ ಕಾಗದ ನಾನೂ ನೋಡಿದ್ದೇನೆ. ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಬ್ಯಾಂಕಿನ ಹೆಸರು ಮಾತ್ರ ಮೇಲೆ ಬೆರಳು ಗಾತ್ರ.

ಮಿಷಿನ್ನಿನ ಸೊಕ್ಕು ಬೇರೆ ಹೇಳಬೇಕು. ಅದು ಏನೋ ಕೇಳುತ್ತದೆ. ನಾವು ಓದಿ ಮುಗಿಸುವಷ್ಟರಲ್ಲಿ ಪೀಂ ಪೀಂ ಅಂತ ಕೂಗಿ ಕಾರ್ಡು ಹೊರಗೆ ಉಗುಳುತ್ತದೆ. ಒಂದು ಶನಿವಾರ ಹೀಗೆ ಎರಡು ಸಲ ಉಗುಳಿತು. ಹಿಂದೆ ಸಾಲಿನಲ್ಲಿದ್ದವರು ಗೊಣಗಲು ಶುರು ಮಾಡಿದರು. ಒಬ್ಬೊಬ್ಬರೇ ಒಳಗೆ ಬರಬೇಕು ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದರೂ ಒಳಗೆ ನಾಲ್ಕೈದು ಜನ ಇದ್ದೆವು. ಹೊರಗೆ ಬಿಸಿಲು, ಒಳಗೆ ಏಸಿ. ಆಗ ಒಬ್ಬ ಮುಂದೆ ಬಂದ. "ಅಣ್ಣ, ಉಲ್ಟಾ ಹಾಕ್ತಿದ್ದೀರಿ. ಕೊಡಿ ಇಲ್ಲಿ, ನಾನು ತೋರಿಸ್ತೀನಿ" ಅಂದ.

ನಾನು ಅವನ ಅಂಗಿ ನೋಡಿದೆ. ಎಂಥ ಅಂಗಿ! ಕಾಲರು ಚಾಕುವಿನ ಹಾಗೆ ನಿಂತಿತ್ತು. ಜೇಬಿನ ಗೆರೆ ಎದೆಯ ಗೆರೆಗೆ ಕೂದಲೆಳೆಯಷ್ಟೂ ತಪ್ಪದೆ ಕೂಡಿತ್ತು. ಗುಂಡಿ ತೂರಿಸುವ ಕಾಜಗಳು ಕೈಯಲ್ಲಿ ಹೊಲಿದವು. ಇಂಥ ಅಂಗಿ ತೊಟ್ಟವನು ಕೆಟ್ಟವನಾಗಿರಲು ಸಾಧ್ಯವೇ ಇಲ್ಲ ಅಂತ ನನ್ನ ಇಪ್ಪತ್ತು ವರ್ಷದ ಅನುಭವ ಹೇಳಿತು. ಕಾರ್ಡು ಕೊಟ್ಟೆ. ಅವನು ಹಾಕಿದ. "ನಂಬರ್ ಒತ್ತಿ ಅಣ್ಣ" ಅಂತ ಮರ್ಯಾದೆಯಿಂದ ಮುಖ ಆ ಕಡೆ ತಿರುಗಿಸಿದ. ನಾನು ಒತ್ತಿದೆ, ಅಂಗಡಿಯಲ್ಲಿ ಕೂಗುವ ಹಾಗೆಯೇ: "ನಲವತ್ತೆರಡು! ಮೂವತ್ತಾರು!" ದುಡ್ಡು ಬಂತು. ದುಡ್ಡನ್ನೂ ಕಾರ್ಡನ್ನೂ ಅವನೇ ತೆಗೆದು ನನ್ನ ಕೈಗಿಟ್ಟ. ನಾನು ಅವನಿಗೆ ನಮ್ಮ ಅಂಗಡಿಯ ವಿಳಾಸ ಕೊಟ್ಟು, ಪ್ಯಾಂಟು ಹೊಲಿಸುವುದಿದ್ದರೆ ಬನ್ನಿ, ನಿಮಗೆ ಕಡಿಮೆ ಮಾಡಿಕೊಡುತ್ತೇನೆ ಅಂತ ಹೇಳಿ ಬಂದೆ. ಭದ್ರಾವತಿಗೆ ಹೋಗಿ ದುಡ್ಡು ಮತ್ತು ಕಾರ್ಡು ಅಕ್ಕನಿಗೆ ಒಪ್ಪಿಸಿದೆ. ಅವಳು ಕಾರ್ಡನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟಳು.

ಮುಂದಿನ ತಿಂಗಳು ಅಕ್ಕನ ಫೋನು. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಹೋದರೆ, ಅವಳು ಕೂಡಿಟ್ಟಿದ್ದೆಲ್ಲ ಖಾಲಿ. ತೆಗೆದಿರುವುದು ಶಿವಮೊಗ್ಗದ ಮಿಷಿನ್ನಿನಲ್ಲಿ. ನಾನು ಎದ್ದುಬಿದ್ದು ಹೋದೆ. ಹೋಗಿ ನೋಡಿದರೆ ಭಾವ ಜಗುಲಿಯಲ್ಲಿ ಕೂತಿದ್ದಾರೆ. ನಮ್ಮ ಭಾವ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಾತು ಕಡಿಮೆ. ಕಣ್ಣಿನ ಡಾಕ್ಟರಿಗೆ ತೋರಿಸಲು ಆ ತಿಂಗಳು ಮೂರ್ನಾಲ್ಕು ಸಲ ಶಿವಮೊಗ್ಗಕ್ಕೆ ಬಂದಿದ್ದರು. ಅಷ್ಟು ಸಾಕಾಗಿತ್ತು ಅಕ್ಕನಿಗೆ.

"ಕಾರ್ಡು ಡಬ್ಬದಲ್ಲೇ ಇದೆ ಕಣೋ. ನಂಬರು ಗೊತ್ತಿರೋದು ನನಗೆ, ನಿನಗೆ, ಇವರಿಗೆ. ನೀನಂತೂ ತೆಗೆಯಲ್ಲ. ಇನ್ಯಾರು, ಮನೆ ಬೆಕ್ಕು ಹೋಗಿ ತೆಗೀತಾ?" ಅಂತ ಅಕ್ಕ ಬೀದಿಗೆ ಕೇಳಿಸುವ ಹಾಗೆ ಕೇಳಿದಳು.

"ಆ ಮಿಷಿನ್ನಿನ ಮುಖಾನೇ ನಾನು ನೋಡಿಲ್ಲ" ಅಂದರು ಭಾವ. ಅಷ್ಟೇ ಅಂದರು. ಅವರ ಮುಂದೆ ಕಾಫಿ ಇರಲಿಲ್ಲ. ನನಗೆ ಮಾತ್ರ ಬಂತು.

ಅಕ್ಕಿ ಡಬ್ಬದಿಂದ ಕಾರ್ಡು ತೆಗೆಸಿ ನೋಡಿದೆ. ನನಗೆ ಇಂಗ್ಲಿಷಿನಲ್ಲಿ ಖಾತ್ರಿಯಾಗಿ ಗುರುತಿಸಲು ಬರುವುದು ರೆಡಿಮೇಡ್ ಅಂಗಿಯ ಅಕ್ಷರಗಳು ಮಾತ್ರ. ಎಸ್ ಅಂದರೆ ಸಣ್ಣದು, ಎಂ ಅಂದರೆ ಮಧ್ಯಮ, ಎಲ್ ಅಂದರೆ ದೊಡ್ಡದು. ಸುಶೀಲ ಅನ್ನುವ ಹೆಸರು ಎಸ್ಸಿನಿಂದ ಶುರುವಾಗಬೇಕು. ಕಾರ್ಡಿನ ಮೇಲೆ ಮೊದಲ ಅಕ್ಷರ ಎಂ. ಬಣ್ಣ ಅದೇ, ಬ್ಯಾಂಕು ಅದೇ, ಹೆಸರು ಮಾತ್ರ ಇನ್ಯಾರೋ ಪುಣ್ಯಾತ್ಮನದು. ಕೈಗೆ ಕಾರ್ಡು ಕೊಟ್ಟ ಆ ಅಂಗಿ, ಆ ಕಾಲರು, ಆ ಕೈ ಹೊಲಿಗೆಯ ಕಾಜ ಎಲ್ಲ ಕಣ್ಣ ಮುಂದೆ ಬಂದವು. ಕಳ್ಳನ ಮೇಲೆ ಬಂದಷ್ಟೇ ಸಿಟ್ಟು ಅವನ ಟೈಲರಿನ ಮೇಲೂ ಬಂತು. ಯಾರಿಗೆ ಹೊಲಿಯುತ್ತಿದ್ದೇನೆ ಅಂತ ಮುಖ ನೋಡುವುದು ಬೇಡವೇ?

ಇಲ್ಲಿಯವರೆಗೆ ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ವಾದ ಮಾಡುತ್ತೇನೆ. ಮುಂದಿನದಕ್ಕೆ ವಾದವಿಲ್ಲ. ಎಲ್ಲವನ್ನೂ ಕೂಗಿ ಹೇಳುವ ನಾನು ಆ ದಿನ ಬಾಯಿ ಬಿಡಲಿಲ್ಲ. ಕಾರ್ಡನ್ನು ಮತ್ತೆ ಅಕ್ಕಿಯೊಳಗೆ ತಳ್ಳಿದೆ. "ನೋಡೋಣ, ವಿಚಾರಿಸೋಣ" ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿ, ಭಾವನ ಮುಂದೆಯೇ ಕಾಫಿ ಕುಡಿದು ಮುಗಿಸಿ, ಬಸ್ಸು ಹತ್ತಿದೆ. ಪಕ್ಕದವರು ಯಾವೂರು ಅಂತ ಕೇಳಿದರು. ಕಿಟಕಿ ಕಡೆ ತಿರುಗಿದೆ.

ಅಂಗಡಿಯಲ್ಲಿ ಕೈ ಓಡಲಿಲ್ಲ. ಒಬ್ಬರ ಪ್ಯಾಂಟಿಗೆ ಎರಡೂ ಎಡಗಾಲು ಹೊಲಿದೆ. ಸರೋಜ ಬಿಚ್ಚುತ್ತಾ ಕೂತಳೇ ಹೊರತು ಏನೂ ಕೇಳಲಿಲ್ಲ. ಅವಳು ಕೇಳದೆ ಇದ್ದರೆ ನಾನೇ ಹೇಳುತ್ತೇನೆ ಅಂತ ಅವಳಿಗೆ ಗೊತ್ತು. ಹೇಳಿದೆ. ಅವಳು ಸೂಜಿ ಕೆಳಗಿಟ್ಟಳು. "ಊರಿಗೆಲ್ಲ ನಂಬರು ಕೂಗಿದ ಬಾಯಿಗೆ ಇದೊಂದು ಹೇಳೋಕೆ ಬರಲಿಲ್ವಾ?" ಅಂದಳು. ಅಷ್ಟರಲ್ಲಿ ಅಕ್ಕನ ಫೋನು ಬಂತು. "ನಿಮ್ಮ ಭಾವ ಕುಂಸಿಗೆ ಹೋಗ್ತಾರಂತೆ, ಅವರ ತಮ್ಮನ ಮನೇಲಿ ಇರ್ತಾರಂತೆ. ಹೋಗ್ಲಿ ಬಿಡು." ಹೋಗ್ಲಿ ಬಿಡು ಅಂದ ಮೇಲೂ ಅಕ್ಕ ಫೋನು ಇಡಲಿಲ್ಲ.

ನಾನು ಭದ್ರಾವತಿ ತಲುಪಿದಾಗ ಭಾವ ಚೀಲದ ಬಾಯಿ ಕಟ್ಟಿ, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತು ಬ್ಯಾಂಕಿನವರನ್ನು ಬೈಯಲು ಶುರು ಮಾಡಿದೆ. ಕಾಗದದ ಸಣ್ಣ ಅಕ್ಷರ ಬೈದೆ, ಮಿಷಿನ್ನು ಬೈದೆ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸುವ ವಾಚ್‌ಮನ್ನನ್ನು ಬೈದೆ. "ಅವರಿಗೆ ಬಸ್ಸು ತಪ್ಪುತ್ತೆ ಕಣೋ, ಈಗ ಯಾಕೋ ಬ್ಯಾಂಕಿನ ಪುರಾಣ?" ಅಂದಳು ಅಕ್ಕ.

"ಅಕ್ಕ, ಭಾವ ತೆಗೆದಿಲ್ಲ. ಕಾರ್ಡೇ ಬದಲಾಗಿದೆ. ಬದಲಾಯಿಸಿದವನ ಕೈಗೆ ಕೊಟ್ಟಿದ್ದು ನಾನು. ನಂಬರು ಕೂಗಿದ್ದೂ ನಾನೇ."

ಅಕ್ಕ ನನ್ನನ್ನೂ ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ. ಭಾವ ಒಂದು ಚಪ್ಪಲಿ ಹಾಕಿಕೊಂಡವರು ಹಾಗೆಯೇ ನಿಂತರು. "ಆವತ್ತು ಡಬ್ಬದಿಂದ ಕಾರ್ಡು ತೆಗೆದು ನೋಡಿದೆಯಲ್ಲ ನಾಗರಾಜ. ಆಗಲೇ ಗೊತ್ತಾಯ್ತಾ?"

"ಹೂಂ."

"ನಾನು ಇಲ್ಲೇ ಕೂತಿದ್ದೆ ಮಾರಾಯ" ಅಂದರು.

ಅಕ್ಕ ಒಳಗೆ ಹೋದಳು. ಪಾತ್ರೆ ಸದ್ದಾಯಿತು. ಲೋಟದ ತುಂಬ ಕಾಫಿ ತಂದು ಭಾವನ ಪಕ್ಕ ಇಟ್ಟು, ಚೀಲ ಎತ್ತಿಕೊಂಡು ಒಳಗೆ ಹೋದಳು. ನನಗೆ ಕಾಫಿ ಬರಲಿಲ್ಲ. ನಾನು ಕೇಳಲೂ ಇಲ್ಲ.

ಆಮೇಲೆ ಬ್ಯಾಂಕಿಗೆ ಹೋದೆವು. ಅಲ್ಲಿನ ಕ್ಲರ್ಕು ಕಾರ್ಡು ನಿಲ್ಲಿಸಿ, "ಗೊತ್ತಾದ ತಕ್ಷಣ ಯಾಕ್ರೀ ಹೇಳಲಿಲ್ಲ? ಗೊತ್ತಿಲ್ಲದವರ ಕೈಗೆ ಯಾಕೆ ಕೊಟ್ರಿ? ಒಡಹುಟ್ಟಿದವರಿಗೂ ನಂಬರ್ ಹೇಳಬಾರದು" ಅಂತ ಒಂದೊಂದಾಗಿ ಹೇಳಿದ. ಕೊನೆಯದಕ್ಕೆ ನನ್ನ ಮೈ ಉರಿಯಿತು, ಆದರೆ ಅಕ್ಕ ಪಕ್ಕದಲ್ಲಿದ್ದಳು. ಪೊಲೀಸರು ಕಳ್ಳನ ಗುರುತು ಕೇಳಿದರು. ಶೋಲ್ಡರು ಹದಿನೇಳೂವರೆ, ಎದೆ ನಲವತ್ತು, ಬಲಭುಜ ಸ್ವಲ್ಪ ಇಳಿಜಾರು ಅಂತ ಹೇಳಿದೆ. "ಮುಖ ಹೇಳ್ರೀ!" ಅಂತ ಗದರಿದರು. ಮುಖ ಯಾರು ನೋಡಿದ್ದಾರೆ? ಕಳ್ಳನೂ ಸಿಗಲಿಲ್ಲ, ದುಡ್ಡೂ ಸಿಗಲಿಲ್ಲ. ತಿಂಗಳು ತಿಂಗಳು ನಾನು ಅಕ್ಕನಿಗೆ ಸ್ವಲ್ಪ ಸ್ವಲ್ಪ ಕೊಡುತ್ತಿದ್ದೇನೆ; ಅವಳು ಬೇಡ ಅನ್ನುವುದಿಲ್ಲ, ಅದೇ ಸರಿ.

ಹೊಸ ಕಾರ್ಡು ಬಂದ ಭಾನುವಾರ ನಾನು ಅಲ್ಲೇ ಇದ್ದೆ. ನಂಬರಿನ ಲಕೋಟೆ ಹರಿಯುವ ಮೊದಲು ಅಕ್ಕ ನನ್ನ ಮುಖ ನೋಡಿದಳು. ಕನ್ನಡಕ ಒರೆಸುತ್ತಿದ್ದ ಭಾವನೂ ನೋಡಿದರು. ಒಡಹುಟ್ಟಿದ ತಮ್ಮ, ಇಷ್ಟೂ ನಂಬಿಕೆ ಇಲ್ಲವೇ ಅಂತ ಕೇಳಬೇಕು ಅಂತ ಬಾಯಿ ತೆರೆದವನು, ಮುಚ್ಚಿಕೊಂಡು ಎದ್ದು ಹೊರಗೆ ಹೋಗಿ ನಿಂತೆ. ಒಳಗಿನಿಂದ ಭಾವನ ಧ್ವನಿ ಬಂತು: "ಇನ್ನೂ ಸ್ವಲ್ಪ ಆಚೆ ಹೋಗು ಮಾರಾಯ, ಕಿಟಕಿ ತೆಗೆದಿದೆ!" ಅಕ್ಕ ಕಿಸಕ್ಕನೆ ನಕ್ಕಳು. ಭಾವನೂ ನಗುತ್ತಲೇ ಹೇಳಿದ್ದರು. ನಾನು ಬೀದಿಯ ಕೊನೆಯ ನಲ್ಲಿಯವರೆಗೆ ನಡೆದುಕೊಂಡು ಹೋದೆ. ದಾರಿಯುದ್ದಕ್ಕೂ ಸಿಟ್ಟು. ಅವರು ಬೈದಿದ್ದರೆ ನಾನೂ ತಿರುಗಿ ನಾಲ್ಕು ಬೈಯಬಹುದಿತ್ತು. ನಕ್ಕವರನ್ನು ಏನು ಮಾಡುವುದು?