ನರಸಯ್ಯ ಬಚ್ಚಲಿಗೆ ಬೇಸಿನ್ ಕೂರಿಸಿದ್ದು

“ನೋಡ್ತಾ ಇರು ಕಣಮ್ಮಿ! ಬೀಗ್ತಿ ಗಾಡಿ ನಮ್ಮ ಬಾಗ್ಲಿಗೆ ಬರೋ ಹೊತ್ಗೆ ಈ ಬೇಸಿನ್ ಬಚ್ಚಲ ಗೋಡೇಲಿ ಕುಂತಿರ್ತದೆ. ಇದರ ನೀರು ಒಂದು ತೊಟ್ಟೂ ನೆಲ ಮುಟ್ದಂಗೆ ಓಣಿಗೆ ಹರೀತದೆ. ಹರೀದಿದ್ರೆ ನಾನು ಚನ್ನಪಟ್ಟಣದ ನರಸಯ್ಯನೇ ಅಲ್ಲ!”

ಈ ಭೀಷ್ಮಪ್ರತಿಜ್ಞೆ ಕೇಳಿ ಹೆಂಡತಿ ಅಂಕಮ್ಮ ತಲೆಯ ಮೇಲೆ ಕೈ ಹೊತ್ತಳು. ಗಂಡ ಪ್ರತಿಜ್ಞೆ ಮಾಡಿದಾಗಲೆಲ್ಲ ಮನೆಯಲ್ಲಿ ಏನಾದರೊಂದು ಮುರಿಯುವುದು ವಾಡಿಕೆ. ಹೋದ ಸಲ ಸೂರಿನ ಸೋರಿಕೆ ನಿಲ್ಲಿಸುತ್ತೇನೆಂದು ಮೇಲೆ ಹತ್ತಿದವನು, ಹೆಂಚಿನ ಸಮೇತ ನೇರವಾಗಿ ರಾಗಿಹಿಟ್ಟಿನ ಗುಡಾಣಕ್ಕೇ ಇಳಿದಿದ್ದ.

ನರಸಯ್ಯನ ಕಸುಬಿನಲ್ಲಿ ಮಾತ್ರ ಎರಡು ಮಾತಿಲ್ಲ. ಹಾಲೆಮರ ಕಡೆದು, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ತಿಕ್ಕಿ ಅವನು ಮಾಡಿದ ಕುಂಕುಮದ ಭರಣಿಗೆ ಮುಚ್ಚಳ ಹಾಕಿದರೆ, ಒಳಗಿನ ಗಾಳಿ ಕೂಡ ಅಪ್ಪಣೆ ಇಲ್ಲದೆ ಹೊರಗೆ ಬರುವಂತಿರಲಿಲ್ಲ. ಬೇಸಿನ್ ಬಂದದ್ದೂ ಆ ಕಸುಬಿನಿಂದಲೇ. ಜರ್ಮನ್ ಯುದ್ಧ ಮುಗಿದ ಮರುವರ್ಷ ರೇಲ್ವೆ ಇಂಜಿನಿಯರ್ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ವಾಪಸು ಹೊರಟಾಗ, ಒಂದು ಪೆಟ್ಟಿಗೆ ಗೊಂಬೆ ತೆಗೆದುಕೊಂಡು ತನ್ನ ಬಂಗಲೆಯ ಪಿಂಗಾಣಿ ಬೇಸಿನ್ ಕೊಟ್ಟುಹೋಗಿದ್ದ. ಅಂದಿನಿಂದ ಅದು ಜಗಲಿಯ ಮೇಲೆ ವಿರಾಜಮಾನ! ಕೆಳಗೊಂದು ಬಕೀಟು. ಕೈ ತೊಳೆಯುವುದು ಬೀದಿಯವರೆಲ್ಲ, ಬಕೀಟು ಚೆಲ್ಲುವುದು ಅಂಕಮ್ಮ ಒಬ್ಬಳೇ.

ಅದನ್ನು ಬಚ್ಚಲಿಗೆ ಸಾಗಿಸಬೇಕೆಂದು ಅಂಕಮ್ಮ ವರ್ಷದಿಂದ ಬಾಯಿ ಬಡಿದುಕೊಂಡಿದ್ದಳು, ನಿಜ. ಆದರೆ ಇವತ್ತೇ? ಮಗಳು ಸಿದ್ದಮ್ಮ ಗಂಡುಮಗು ಹೆತ್ತು ಹನ್ನೊಂದನೆಯ ದಿನ ಇವತ್ತು. ಅವಳ ಅತ್ತೆ ದೊಡ್ಡಲಕ್ಷ್ಮಮ್ಮ ವಿರೂಪಾಕ್ಷಿಪುರದಿಂದ ಹೇಳಿಕಳಿಸಿದ್ದಳು: “ಪ್ಯಾಟೆ ಮನೆ ಬಚ್ಚಲು ಬಾಣಂತಿಗೆ ಆಗಕಿಲ್ಲ. ನಾನೇ ಬಂದು ನೀರು ಹುಯ್ದು ನೋಡ್ತೀನಿ. ಸರಿಯಾಗಿದ್ರೆ ಐದು ತಿಂಗಳು ತವರಲ್ಲಿರ್ಲಿ. ಇಲ್ದಿದ್ರೆ ಅದೇ ಗಾಡೀಲಿ ತಾಯಿ ಮಗ ಇಬ್ಬರನ್ನೂ ಕರ್ಕೊಂಡೋಯ್ತೀನಿ.”

ಮದುವೆಯಾದ ನಾಲ್ಕು ವರ್ಷದಲ್ಲಿ, ಈ ಹೆರಿಗೆಗೆ ಬರುವವರೆಗೆ, ಸಿದ್ದಮ್ಮ ತವರಲ್ಲಿ ನಾಲ್ಕು ದಿನ ನೆಟ್ಟಗೆ ನಿಂತವಳಲ್ಲ. ಮೊಮ್ಮಗನ ಮುಖ ಈಗಷ್ಟೇ ಗುರುತಾಗಿದೆ. ಅವನನ್ನು ಗಾಡಿ ಹತ್ತಿಸುವುದನ್ನು ನೆನೆದು ಅಂಕಮ್ಮ ಗಂಡನಿಗೆ ಅಡ್ಡ ನಿಂತಳು.

“ಏನಂದ್ರೆ, ಕೈ ಮುಗೀತೀನಿ. ಇವತ್ತೊಂದಿನ ಬಚ್ಚಲು ಮುಟ್ಬ್ಯಾಡಿ!”

“ಪೆದ್ದಿ! ಬೀಗ್ತಿ ಈ ಬೇಸಿನ್ ನೋಡುದ್ರೆ ಐದು ತಿಂಗಳಲ್ಲ, ಐದು ವರ್ಷ ಬುಟ್ಟೋಯ್ತಾಳೆ!”

ಬಚ್ಚಲ ಗೋಡೆಯ ಬುಡದಲ್ಲಿ ಅಜ್ಜನ ಕಾಲದ ತೂಬು ಒಂದಿತ್ತು. ಸ್ನಾನದ ನೀರು ಅದರೊಳಗಿಂದ ಓಣಿಗೆ ಹೋಗುತ್ತಿತ್ತು. ನರಸಯ್ಯ ಗೂಟ ಬಡಿದು ಬೇಸಿನ್ನನ್ನು ಅದರ ನೇರಕ್ಕೆ ಕೂರಿಸಿದ. ಹಾಲೆಮರದಲ್ಲಿ ಕಡೆದ ಕೊಳವೆಯೊಂದನ್ನು ಓಣಿಯ ಕಡೆಯಿಂದ ತೂಬಿಗೆ ತೂರಿಸಿ, ಒಳತುದಿಯನ್ನು ಬೇಸಿನ್ನಿನ ತಳದಲ್ಲಿ ಬಾಲದಂತೆ ಇಳಿಬಿದ್ದ ನಳಿಗೆಗೆ ಸೇರಿಸಿದ. ತೂಬಿನಲ್ಲಿ ಉಳಿದ ಸಂದಿಗೆಲ್ಲ ಅರಗು, ಕೆಮ್ಮಣ್ಣು ಕಲಸಿ ಮೆತ್ತಿದ. ಬರೀ ಮೆತ್ತಿದನೆ? ತಾಳೆಗರಿ ಹಾಕಿ ತಿಕ್ಕಿ ಮಿರಮಿರ ಮಿಂಚಿಸಿದ!

ಪಕ್ಕದ ಮನೆಯ ಗೌಸ್, ಅವನೂ ಗೊಂಬೆ ಕಡೆಯುವವನೇ, ಬಗ್ಗಿ ನೋಡಿ ತಲೆ ಕೆರೆದುಕೊಂಡ. “ಲೇ ನರಸಯ್ಯ, ತೂಬು ಪೂರಾ ಮುಚ್ಚೋಯ್ತಲ್ಲೋ?”

“ಮುಚ್ಚಲೇಬೇಕು ಕಣ್ಲಾ! ಒಸಿ ಸಂದಿ ಬುಟ್ರೂ ಅದೊಂದು ಕಸುಬಾ? ಭರಣಿ ಮುಚ್ಚಳ ಕುಂತಂಗೆ ಕುಂತದೆ, ನೋಡು!”

“ಅದು ಸರಿ ಕಣ್ಲಾ, ಆದ್ರೆ ನೆಲದ...”

“ಹೊಟ್ಟೆಕಿಚ್ಚು ನಿಂಗೆ!” ಎಂದು ನರಸಯ್ಯ ಒಂದು ಚೊಂಬು ನೀರನ್ನು ಬೇಸಿನ್ನಿಗೆ ಸುರಿದ. ಓಣಿಯಲ್ಲಿ ಜುಳುಜುಳು! ನೆಲದ ಮೇಲೆ ಒಂದು ಹನಿ ಇಲ್ಲ. ಗಂಗೆಯನ್ನು ಭೂಮಿಗೆ ತಂದ ಭಗೀರಥನಿಗೂ ಅಷ್ಟು ಜಂಬ ಬಂದಿರಲಿಕ್ಕಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಎತ್ತಿನ ಗಾಡಿ ನಿಂತಿತು.

ದೊಡ್ಡಲಕ್ಷ್ಮಮ್ಮ ಆಜಾನುಬಾಹು ಹೆಂಗಸು. ಬಂದವಳೇ ಮೊಮ್ಮಗನ ದೃಷ್ಟಿ ತೆಗೆದು, ಸೆರಗು ಸಿಕ್ಕಿಸಿ ಬಚ್ಚಲಿಗೆ ನಡೆದಳು. ಬೇಸಿನ್ ಕಡೆ ಒಮ್ಮೆ ನೋಡಿ, “ಇದ್ಯಾಕೆ, ದನಕ್ಕೆ ನೀರಿಡಾಕಾ?” ಎಂದಳು. ನರಸಯ್ಯನ ಜಂಬ ಅಲ್ಲಿಗೇ ಅರ್ಧ ಇಳಿಯಿತು.

ಹೊರಗೆ ಅಂಕಮ್ಮ ಮಗು ಎತ್ತಿಕೊಂಡು ನಿಂತಳು. ಒಳಗೆ ದೊಡ್ಡಲಕ್ಷ್ಮಮ್ಮ ಸೊಸೆಗೆ ಎಣ್ಣೆ ತಿಕ್ಕಿ, ಹಂಡೆಯಿಂದ ತೋಡಿ ತೋಡಿ ದಬದಬನೆ ಸುರಿಯತೊಡಗಿದಳು. ಬಾಣಂತಿ ನೀರೆಂದರೆ ಎರಡು ಚೊಂಬಲ್ಲ, ಎರಡು ಹಂಡೆ! ಮೊದಲ ಹಂಡೆ ಮುಗಿಯುವಷ್ಟರಲ್ಲಿ ಒಳಗಿನಿಂದ ಕೂಗು ಬಂತು.

“ಬೀಗ್ತೀ! ನಿಮ್ಮನೆ ನೀರು ಎತ್ಲಾಗ್ ಹೋಯ್ತದೆ?”

“ತೂಬಿಗೆ ಕಣವ್ವ!”

“ತೂಬು ಎಲ್ಲೈತೆ?”

ಅಂಕಮ್ಮ ಗಂಡನ ಮುಖ ನೋಡಿದಳು. ಗಂಡ ಗೌಸನ ಮುಖ ನೋಡಿದ. ಗೌಸ್ ಆಕಾಶ ನೋಡುತ್ತ, “ಅದನ್ನೇ ನಾ ಕೇಳಿದ್ದು” ಎಂದ.

ಆಮೇಲಿನದು ಪ್ರಳಯ! ಬಚ್ಚಲು ಕೆರೆಯಾಯಿತು. ಮಣೆ ತೇಲಿತು, ಸೀಗೇಪುಡಿ ಬಟ್ಟಲು ದೋಣಿಯಾಯಿತು. ನೀರು ಹಂಡೆಯ ಒಲೆಗೆ ನುಗ್ಗಿ ಬುಸ್ಸೆಂದು ಬೂದಿ ಎಬ್ಬಿಸಿತು. ಹೊಸ್ತಿಲು ದಾಟಿ ಅಡುಗೆಮನೆಗೆ ಇಳಿದು, ಬೀಗಿತ್ತಿಗೆಂದು ಮಾಡಿದ್ದ ಒಬ್ಬಟ್ಟಿನ ತಟ್ಟೆಯನ್ನು ಮೂರು ಸುತ್ತು ತಿರುಗಿಸಿತು. ದೊಡ್ಡಲಕ್ಷ್ಮಮ್ಮ ಸೊಸೆಯನ್ನು ಸೀರೆಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ಎತ್ತಿ ಒಳಕೋಣೆಯ ಮಂಚಕ್ಕೆ ಸಾಗಿಸಿದಳು. “ಗಾಡಿ ಕಟ್ಸಿ!” ಎಂದು ಅಲ್ಲಿಂದಲೇ ಗುಡುಗಿದಳು.

ಆ ಮಾತಿಗೆ ಅಂಕಮ್ಮನ ಕಣ್ಣಲ್ಲಿ ನೀರು ತುಂಬಿತು. ಮನೆಯಲ್ಲಿದ್ದ ನೀರು ಸಾಲದೆಂಬಂತೆ!

“ಹೋಗಿ, ಅದನ್ನ ಕೀಳಿ!” ಎಂದು ಗಂಡನ ಮೇಲೆ ಹರಿಹಾಯ್ದಳು.

ನರಸಯ್ಯ ಓಣಿಗೆ ಓಡಿ ಕೊಳವೆ ಹಿಡಿದು ಎಳೆದ. ಅಲ್ಲಾಡಲಿಲ್ಲ. ಗೌಸ್ ಅವನ ಸೊಂಟ ಹಿಡಿದು ಎಳೆದ. ಸೊಂಟ ಬಂತು, ಕೊಳವೆ ಬರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿ ನರಸಯ್ಯ ತನ್ನ ಕಸುಬಿಗೆ ಶಾಪ ಹಾಕಿದ.

“ಅರಗು ಬಿಸಿಗೆ ಕರಗ್ತದೆ ಅಂತ ನಿಮ್ಗೆ ನಾನು ಹೇಳ್ಕೊಡ್ಬೇಕಾ?” ಎಂದು ಒಳಗಿನಿಂದ ಕೂಗಿದ ಅಂಕಮ್ಮ, ಮಗುವನ್ನು ಮಗಳ ಮಗ್ಗುಲಿಗೆ ಹಾಕಿ, ಎರಡನೆಯ ಹಂಡೆಯ ಕುದಿನೀರನ್ನು ಚೊಂಬಿನಲ್ಲಿ ತೋಡಿ ತೂಬಿನ ಬಾಯಿಗೇ ಹುಯ್ದಳು. ಅರಗು ಮೆತ್ತಗಾಯಿತು. ಹೊರಗೆ ಗಂಡ “ಜೈ ಆಂಜನೇಯ!” ಎಂದು ಜಗ್ಗಿದ.

ಬಂತು! ಕೊಳವೆಯ ಜೊತೆ ಒಳಗೆ ಬೇಸಿನ್ನೂ ಗೂಟ ಬಿಟ್ಟು ಬಂದು ಎರಡು ಹೋಳಾಯಿತು. ಹಿಂದೆಯೇ ಬಚ್ಚಲ ಕೆರೆಯೆಲ್ಲ ಕೆಮ್ಮಣ್ಣು ಸಮೇತ ನರಸಯ್ಯನ ಎದೆಗೆ ಗುದ್ದಿತು. ಪುಣ್ಯಕ್ಕೆ ಅಷ್ಟರಲ್ಲಿ ಅದು ಉಗುರುಬೆಚ್ಚಗಾಗಿತ್ತು. ತಲೆಯಿಂದ ಕಾಲಿನವರೆಗೆ ಕೆಂಪಾಗಿ, ಕೊಳವೆಯನ್ನು ಮಗುವಿನಂತೆ ಅಪ್ಪಿಕೊಂಡು, ಅವನು ಓಣಿಯಲ್ಲಿ ಅಂಗಾತ ಬಿದ್ದ.

ಎದುರುಮನೆಯ ರಾಮಲಿಂಗಯ್ಯ ಅದೇ ಹೊತ್ತಿಗೆ ಓಣಿಗೆ ಕಾಲಿಟ್ಟವರು, ಒಂದೇ ಉಸಿರಿಗೆ ಮನೆಯೊಳಗೆ ಓಡಿದರು. “ಅಂಕಮ್ಮಾ! ಕೆಟ್ವಲ್ಲವ್ವಾ! ನಿನ್ನ ಯಜಮಾನ ರಕ್ತದ ಮಡೂನಲ್ಲಿ ಬಿದ್ದವ್ನೆ!”

ನೆಲ ಒರೆಸುತ್ತಿದ್ದ ಅಂಕಮ್ಮ ತಲೆ ಎತ್ತಲಿಲ್ಲ. “ಉಸಿರಾಡ್ತಾ ಅವ್ರಾ?”

“ಹೂಂ ಕಣವ್ವ, ನರಳ್ತಾ ಅವ್ನೆ!”

“ಹಂಗಾರೆ ಆ ಕೊಳವೆ ತಿರ್ಗಾ ತೂಬಿಗೆ ತೂರಿಸ್ಬ್ಯಾಡಿ ಅಂತ ಹೇಳಿ!”

ಅರ್ಧ ಗಂಟೆಯಲ್ಲಿ ನೆಲದ ನೀರು ಬತ್ತಿತು. ದೊಡ್ಡಲಕ್ಷ್ಮಮ್ಮ ಮತ್ತೆ ಬಚ್ಚಲಿಗಿಳಿದು, ಉಳಿದ ನೀರನ್ನೆಲ್ಲ ಒಂದೇ ಸಲ ನೆಲಕ್ಕೆ ಸುರಿದು ನೋಡಿದಳು. ತೂಬು ಗಟಗಟನೆ ಕುಡಿದುಬಿಟ್ಟಿತು. ಮಂಚದ ಮೇಲೆ ಸಿದ್ದಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. ನರಸಯ್ಯ ಕೆಂಪುಕೆಂಪಾಗಿ ಬಾಗಿಲಲ್ಲಿ ನಿಂತ. ಅಂಕಮ್ಮ ಬೀಗಿತ್ತಿಯ ಕೈ ಹಿಡಿದುಕೊಂಡಳು.

“ಅವ್ವಾ, ನನ್ನ ಮಗೀನ ಕರ್ಕೊಂಡೋಗ್ಬ್ಯಾಡಿ ಕಣವ್ವಾ. ಬಚ್ಚಲಲ್ಲಿ ಏನೂ ತೊಂದ್ರೆ ಇಲ್ಲ.”

ದೊಡ್ಡಲಕ್ಷ್ಮಮ್ಮ ಬಚ್ಚಲು ನೋಡಿದಳು. ನರಸಯ್ಯನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ಹೌದು ಬೀಗ್ತಿ, ಬಚ್ಚಲು ಚೆನ್ನಾಗೈತೆ. ತಾಯಿ ಮಗ ಐದು ತಿಂಗಳೂ ಇಲ್ಲೇ ಇರ್ಲಿ. ಬಂದ ಗಾಡಿ ಖಾಲಿ ಹೋಗ್ಬಾರ್ದು, ಬೀಗ್ರನ್ನ ನಾನು ಕರ್ಕೊಂಡೋಯ್ತೀನಿ!”

“ಅಯ್ಯೋ, ನಾನ್ಯಾಕವ್ವಾ?” ಎಂದು ಬಾಯಿ ತೆರೆದ ನರಸಯ್ಯ, ಬೆಂಬಲಕ್ಕೆಂದು ಹೆಂಡತಿಯ ಕಡೆ ತಿರುಗಿದ. ಅಂಕಮ್ಮ ಅಲ್ಲಿರಲಿಲ್ಲ. ಆಗಲೇ ಒಳಗೆ ಹೋಗಿ ಅವನ ಪಂಚೆಗಳನ್ನು ಗಂಟು ಕಟ್ಟುತ್ತಿದ್ದಳು.