ಯಾರೂ ಗಾಡಿ ಮುಟ್ಟಬೇಡಿ

ನಾನು ಏನನ್ನಾದರೂ ಸದ್ದಿಲ್ಲದೆ ಮಾಡಿ ಮುಗಿಸೋಣ ಅಂದುಕೊಂಡಾಗಲೆಲ್ಲ ಅದು ಇಡೀ ಬೀದಿಯ ಕೆಲಸ ಆಗಿಬಿಡುತ್ತೆ. ಹಿಂದೊಮ್ಮೆ ತೂಕ ಇಳಿಸೋಣ ಅಂತ ರಾತ್ರಿ ಊಟ ಬಿಟ್ಟಿದ್ದೆ. ಪಾಪ, ಅವರ ಮನೇಲಿ ಏನೋ ಜಗಳ ಅಂತ ಪಕ್ಕದ ಮನೆಯವರು ಡಬ್ಬಿ ತುಂಬ ಬಿಸಿಬೇಳೆಬಾತ್ ಕಳಿಸಿದ್ದರು. ಈ ಸಲದ್ದು ಅದಕ್ಕಿಂತ ದೊಡ್ಡ ಗಲಾಟೆ. ದಸರಾ ರಜಕ್ಕೆ ನಾನು ಬೈಕ್ ಟೂರಿಗೆ ಹೋಗೋದು ಅಂತ ತೀರ್ಮಾನ ಮಾಡಿದ್ದೆ.

ಟೂರ್ ಅಂದರೆ ಹೈವೇ ಮೇಲೆ ಹೋಗಿ ತಟ್ಟೆ ಇಡ್ಲಿ ತಿಂದು ವಾಪಸ್ ಬರೋದಲ್ಲ. ಚಿತ್ರದುರ್ಗದ ಕಡೆ ಡಾಂಬರೇ ಇಲ್ಲದ ಮಣ್ಣು ದಾರಿ, ಬಂಡೆ, ಹಳ್ಳ. ರಾತ್ರಿ ಟೆಂಟಲ್ಲಿ ಮಲಗೋದು. ಮುಂದೆ ಒಬ್ಬ ಗೈಡ್, ಹಿಂದೆ ನಾವು ಏಳೆಂಟು ಜನ. ನಾನು ಬಸವೇಶ್ವರನಗರದ ಒಂದು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಡೋಳು. ದಖನ್ ಪ್ರಸ್ಥಭೂಮಿ ಅಂತ ಬೋರ್ಡ್ ಮೇಲೆ ಬರೆದೂ ಬರೆದೂ ಸಾಕಾಗಿತ್ತು. ನಾವೂ ಅದರ ಮೇಲೇ ಇದ್ದೀವಿ, ನಿಜ. ಆದರೆ ಕಾಂಕ್ರೀಟು ಹಾಕಿ ಮುಚ್ಚಿಟ್ಟಿದ್ದಾರಲ್ಲ, ಕಾಣಬೇಕಲ್ಲ!

ಇನ್ನೊಂದು ಕಾರಣಾನೂ ಇತ್ತು. ಮದುವೆಯಾದಾಗಿನಿಂದ ನಮ್ಮನೆಯವರ ಸ್ಕೂಟರ್ ಹಿಂದೆ ಒಂದೇ ಕಡೆಗೆ ಕಾಲು ಹಾಕಿಕೊಂಡು ಕೂತೂ ಕೂತೂ ನನಗೆ ಬೆಂಗಳೂರಿನ ಎಡಗಡೆ ಮಾತ್ರ ಗೊತ್ತಿತ್ತು. ಬಲಗಡೆ ಏನಿದೆ ಅಂತ ನೋಡೋ ಆಸೆಗೇ ನಲವತ್ತು ದಾಟಿದ ಮೇಲೆ ಬೈಕ್ ಕಲಿತು, ಸೆಕೆಂಡ್ ಹ್ಯಾಂಡ್ ಗಾಡಿ ಒಂದು ಕೊಂಡೆ.

ಗೈಡ್ ಹೆಗ್ಗನಹಳ್ಳಿಯವನು. ಮೂವತ್ತರ ಆಸುಪಾಸು, ಒಳ್ಳೆ ಮನುಷ್ಯ. ಆದರೆ ಒಂದು ವಿಷಯ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ.

"ಮೇಡಂ, ಅಲ್ಲಿ ಗಾಡಿ ಬೀಳುತ್ತೆ. ಎಲ್ಲಾರ್ದೂ ಬೀಳುತ್ತೆ. ಬಿದ್ದ ಗಾಡೀನ ಅವರವರೇ ಎತ್ತಬೇಕು. ಹೊರಡೋದಕ್ಕೆ ಮುಂಚಿನ ಭಾನುವಾರ ನಿಮ್ ಮನೆ ಹತ್ರಾನೇ ಬರ್ತೀನಿ. ನಾನು ಗಾಡಿ ಮಲಗಿಸ್ತೀನಿ, ನೀವೊಬ್ರೇ ಎತ್ತಬೇಕು. ಎತ್ತಿದ್ರೆ ಟೂರು. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬೇಡಿ, ಈ ಸಲ ಬೇಡ."

ಎತ್ತೋ ರೀತೀನೂ ತೋರಿಸಿಕೊಟ್ಟ. ಗಾಡಿಗೆ ಬೆನ್ನು ಕೊಟ್ಟು, ಸೀಟಿಗೆ ಸೊಂಟ ಆನಿಸಿ, ಒಂದು ಕೈಲಿ ಹ್ಯಾಂಡಲ್, ಇನ್ನೊಂದು ಕೈಲಿ ಹಿಂದಿನ ಕಂಬಿ ಹಿಡಿದು, ಪುಟ್ಟ ಪುಟ್ಟ ಹೆಜ್ಜೆ ಇಡ್ತಾ ಹಿಂದಕ್ಕೆ ತಳ್ಳೋದು. ನೋಡೋಕೆ ಸುಲಭ. ಅಭ್ಯಾಸ ಮಾಡಿದರಾಯ್ತು ಅಂದುಕೊಂಡೆ.

೧. ಗಾಡಿಗೆ ಹಾಸಿಗೆ

ಸ್ಕೂಲು ಮುಗಿಸಿ ಬಂದು ಮನೆ ಮುಂದೆ ಅಭ್ಯಾಸ ಶುರು ಮಾಡಿದೆ. ಗಾಡಿಗೆ ಪೆಟ್ಟಾಗುತ್ತೆ ಅಂತ ನಮ್ಮನೆಯವರು ಅಟ್ಟದಿಂದ ಹಳೇ ಹಾಸಿಗೆ ತಂದು ರಸ್ತೆ ಪಕ್ಕ ಹಾಸಿದರು. ಹ್ಯಾಂಡಲ್ ಕೆಳಗೆ ಒಂದು ದಿಂಬು ಬೇರೆ ಇಟ್ಟರು. ಇಪ್ಪತ್ತು ವರ್ಷ ಸಂಸಾರ ಮಾಡಿದ್ದೀನಿ, ನನಗೆ ಒಂದು ದಿನ ಹೀಗೆ ದಿಂಬು ಇಟ್ಟವರಲ್ಲ.

ಗಾಡಿ ಮಲಗಿಸಿದೆವು. ಬೆನ್ನು ಕೊಟ್ಟೆ, ಸೊಂಟ ಆನಿಸಿದೆ, ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಗಾಡಿ ತಾನಾಗೇ ಮೇಲಕ್ಕೆ ಬಂತು. ಏನಪ್ಪಾ ಇಷ್ಟು ಹಗುರ ಅಂತ ತಿರುಗಿ ನೋಡಿದರೆ, ಊಟದ ಡೆಲಿವರಿಗೆ ಹೊರಟಿದ್ದವನೊಬ್ಬ ತನ್ನ ಗಾಡಿ ನಿಲ್ಲಿಸಿ ಓಡಿಬಂದು ಎತ್ತಿ ನಿಲ್ಲಿಸಿದ್ದ. "ಪೆಟ್ಟಾಯ್ತಾ ಅಕ್ಕಾ?" ಅಂತ ಕೇಳಿ, ಸೀಟಿನ ಧೂಳು ಒರೆಸಿ ಹೊರಟುಹೋದ.

ಮತ್ತೆ ಮಲಗಿಸಿದೆವು. ಸೊಪ್ಪು ಮಾರೋ ಆಕೆ ತಲೆಮೇಲಿನ ಬುಟ್ಟಿ ಇಳಿಸಿ ಬಂದು ಎತ್ತಿದಳು. ಮತ್ತೆ ಮಲಗಿಸಿದೆವು. ಕಾಲೇಜಿನ ಇಬ್ಬರು "ಮಗಾ, ಆ ಕಡೆ ಹಿಡ್ಕೋ" ಅಂತ ಎತ್ತಿದರು. ಆಮೇಲಿನ ಸಲ ರಸ್ತೇಲಿ ಯಾರೂ ಇರಲಿಲ್ಲ. ಆದರೂ ಗಾಡಿ ಎದ್ದಿತು. ತಿರುಗಿದರೆ ನಮ್ಮನೆಯವರು!

"ರೀ, ನೀವೂನಾ?"

"ನೀನು ಮುಖ ಕಿವುಚಿದ್ದು ನೋಡಿ ಕೈ ತಡೀಲಿಲ್ಲ ಕಣೇ."

ನಮ್ಮೂರಲ್ಲಿ ಸಿಗ್ನಲ್ ಹತ್ರ ಒಬ್ಬರಿಗೊಬ್ಬರು ಒಂದಿಂಚು ಜಾಗ ಬಿಡಲ್ಲ. ಅದೇ ಒಂದು ಗಾಡಿ ಬೀಳಲಿ, ಎಲ್ಲೆಲ್ಲಿಂದಲೋ ಹತ್ತು ಕೈ ಬರುತ್ತೆ. ಬೇರೆ ದಿನ ಆಗಿದ್ದರೆ ಹೆಮ್ಮೆ ಪಡ್ತಿದ್ದೆ. ಅವತ್ತು ಅಳು ಬರೋದೊಂದು ಬಾಕಿ.

ಕೊನೆಗೆ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗಾಡಿ ಪಕ್ಕ ನಿಲ್ಲಿಸಿದೆ: "ಗಾಡಿ ಬಿದ್ದಿಲ್ಲ, ಮಲಗಿಸಿದ್ದೇವೆ. ಯಾರೂ ಮುಟ್ಟಬೇಡಿ." ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ನಿಂತು, ಕನ್ನಡಕ ಹಾಕಿಕೊಂಡು, ಪೂರ್ತಿ ಓದಿದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಬಗ್ಗಿ ಗಾಡಿ ಹಿಡಿದರು.

"ಅಲ್ಲಮ್ಮಾ, ಕೂತ್ಕೊಂಡು ಬೋರ್ಡ್ ಬರೆಯೋವರೆಗೂ ಒಬ್ಬರೂ ಸಹಾಯಕ್ಕೆ ಬರಲಿಲ್ವಾ?"

೨. ಉಲ್ಲಾಳದ ಮರಳು

ಜನ ಇಲ್ಲದ ಕಡೆ ಹೋಗಬೇಕು ಅನ್ನಿಸಿತು. ನಮ್ಮ ಸ್ಕೂಲಿನ ಒಬ್ಬ ಟೀಚರ್ ಉಲ್ಲಾಳದ ಹತ್ರ ಮನೆ ಕಟ್ಟಿಸ್ತಾ ಇದ್ದರು. "ಮರಳಿದೆ, ಜಲ್ಲಿ ಇದೆ, ಹೋಗಿ ಓಡಿಸಿ" ಅಂದರು. ಬೆಳಿಗ್ಗೆ ಬೆಳಿಗ್ಗೆನೇ ಹೋದೆ.

ಮರಳು ಗುಡ್ಡೆ ಹತ್ತಿಸಿದೆ. ಮುಂದಿನ ಚಕ್ರ ಹೂತುಕೊಂಡು ಗಾಡಿ ಮೆತ್ತಗೆ ಮಲಗಿತು. ನನಗೋ ಖುಷಿಯೋ ಖುಷಿ. ಸುತ್ತ ಒಂದು ನರಪಿಳ್ಳೆ ಇಲ್ಲ. ಆರಾಮಾಗಿ ಬೆನ್ನು ಕೊಟ್ಟೆ. ಶೆಡ್ಡಿಂದ ರಾಯಚೂರು ಕಡೆಯ ವಾಚ್‌ಮನ್ ಮತ್ತು ಅವನ ಹೆಂಡತಿ ಓಡಿ ಬಂದರು.

"ಬಿಡ್ರಿ ಯಕ್ಕಾ, ನಾವಿಲ್ಲೇನು? ನೀವ್ಯಾಕ ಎತ್ತತೀರಿ?"

"ಇಲ್ಲಪ್ಪಾ, ನಾನೇ ಎತ್ತಬೇಕು."

"ನಮ್ಮ ಕಣ್ಮುಂದ? ಛೇ ಛೇ, ಆಗಂಗಿಲ್ರಿ."

ಎತ್ತಿದರು. ಅಷ್ಟೇ ಅಲ್ಲ, ಚಹಾ ಬೇರೆ ಕೊಟ್ಟರು. ಗಾಡಿ ಎತ್ತೋಕಂತೂ ಬಿಡಲ್ಲ, ಓಡಿಸೋದನ್ನಾದರೂ ಕಲಿಯೋಣ ಅಂತ ಮತ್ತೆ ಗುಡ್ಡೆ ಹತ್ತಿದೆ. ಅಷ್ಟರಲ್ಲಿ ಮೇಸ್ತ್ರಿ ಬಂದ. ಮರಳು ಚೆಲ್ಲಾಡಿದ್ದು ನೋಡಿ ಅವನ ಮುಖ ಕೆಂಪಾಯಿತು. ಬೈಸಿಕೊಳ್ಳೋದಕ್ಕೆ ರೆಡಿಯಾಗಿ ನಿಂತೆ. ಅವನು ಗಾಡಿಯ ಚಕ್ರ ನೋಡಿದ, ಮನೆಯ ಪಾಯದ ಕಡೆ ನೋಡಿದ, ಒಂದು ನಿಮಿಷ ಯೋಚನೆ ಮಾಡಿದ.

"ಮೇಡಂ, ಅಲ್ಲಿ ಒಳಗಡೆ ಮಣ್ಣು ತುಂಬಿಸಿದೀವಿ. ಅದರ ಮೇಲೂ ಒಂದ್ ನಾಲ್ಕು ರೌಂಡ್ ಹೊಡೀರಿ. ಗಟ್ಟಿ ಆಗ್ಲಿ."

ಹೊಡೆದೆ. ವಾಚ್‌ಮನ್ ಹೆಂಡತಿ ಹಿಂದಿಂದೆ ಪೈಪಲ್ಲಿ ನೀರು ಬಿಟ್ಟಳು, ನನಗೆ ಕೆಸರಲ್ಲಿ ಓಡಿಸೋ ಅಭ್ಯಾಸಾನೂ ಆಯ್ತು. ಆ ಮನೆಯ ಹಾಲು, ರೂಮು, ದೇವರ ಮನೆ, ಅಡುಗೆ ಮನೆ ಎಲ್ಲಾ ಸುತ್ತಿ ಬಂದೆ. ಹೊರಡೋವಾಗ ಮೇಸ್ತ್ರಿ ಗೇಟಿನವರೆಗೂ ಬಂದು ಬೀಳ್ಕೊಟ್ಟ.

"ನಾಳೆ ಎಷ್ಟೊತ್ತಿಗೆ ಬರ್ತೀರಾ ಮೇಡಂ?"

೩. ಟೆಂಟಲ್ಲಿ ಮಲಗಿದವರು

ಟೆಂಟು ಕಟ್ಟೋದನ್ನ ಕಲಿಯೋಣ ಅಂತ ತಾರಸಿ ಮೇಲೆ ಕಟ್ಟಿದೆ. ನಮ್ಮತ್ತೆ ಮೆಟ್ಟಿಲು ಹತ್ತಿ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಲೆ ಮುಟ್ಟಿ ನೋಡಿ, ಜಿಪ್ಪು ಎಳೆದು ನೋಡಿದರು.

"ಸೊಳ್ಳೆ ಬರಲ್ವೇನೇ ಒಳಗೆ?"

"ಬರಲ್ಲ ಅತ್ತೆ."

"ಕಾಗೆ?"

"ಕಾಗೆ ಹೆಂಗ್ ಬರುತ್ತೆ ಅತ್ತೆ?"

"ಹ್ಞೂಂ" ಅಂದು ಇಳಿದು ಹೋದರು. ಮಾರನೇ ದಿನ ಟೆಂಟು ಬಿಚ್ಚೋಕೆ ಹೋಗಿ ಜಿಪ್ಪು ತೆಗೆದರೆ, ಒಳಗೆ ಮಾವನವರ ಹಳೇ ಪಂಚೆ ಮೇಲೆ ಅರಳು ಸಂಡಿಗೆ ಸಾಲಾಗಿ ಒಣಗ್ತಾ ಇದೆ!

"ಅತ್ತೆ, ಅದು ಮಲಗೋಕೆ ಇರೋದು."

"ಮಲಗಿವೆಯಲ್ಲ, ಎಬ್ಬಿಸಬೇಡ."

ಸಂಡಿಗೆ ಆದ ಮೇಲೆ ಹಪ್ಪಳ ಬಂತು. ಎದುರು ಮನೆ ಆಂಟಿ ತಮ್ಮ ತಾರಸಿಯಿಂದ ನೋಡಿ, "ನಿಮ್ದು ಒಣಗಿದ ಮೇಲೆ ನಮಗೆ ಕೊಡಿ, ಮಜ್ಜಿಗೆ ಮೆಣಸಿನಕಾಯಿ ಮಾಡ್ಕೊಂಡಿದೀನಿ" ಅಂತ ಸರದಿ ಹಿಡಿದರು. ನಾನು ರಾತ್ರಿ ಹೊತ್ತು ಒಳಗೆ ಮಲಗಿ ಅಭ್ಯಾಸ ಮಾಡೋಣ ಅಂತ ಹೋದರೆ ಜೀರಿಗೆ, ಇಂಗಿನ ವಾಸನೆ; ಮಲಗಿದ ಸ್ವಲ್ಪ ಹೊತ್ತಿಗೇ ಹಸಿವಾಗಿ ಕೆಳಗಿಳಿದು ಬಂದು ಮೊಸರನ್ನ ತಿಂದೆ.

ಟೂರಿಗೆ ಟೆಂಟು ಬೇಕೇ ಬೇಕು ಅಂತ ಹೇಳಿದಾಗ ಅತ್ತೆಯ ಮುಖ ಸಣ್ಣಗಾಯ್ತು.

"ವಾಪಸ್ ಯಾವಾಗ ಬರೋದು?"

"ನನ್ನನ್ನ ಕೇಳ್ತಿದೀರಾ, ಟೆಂಟನ್ನ ಕೇಳ್ತಿದೀರಾ?"

"ನೀನು ಹೆಂಗೂ ಬರ್ತೀಯಲ್ಲ."

೪. ಮಂಡಿ ಗಾರ್ಡು

ಭಾನುವಾರ ಹತ್ರ ಬಂತು. ಅಷ್ಟು ದಿನದಲ್ಲಿ ನಾನೊಬ್ಬಳೇ ಗಾಡಿ ಎತ್ತಿದ್ದು ಒಂದು ಸಲಾನೂ ಇಲ್ಲ. ಎತ್ತೋಕೆ ಆಗುತ್ತೋ ಇಲ್ಲವೋ ಅಂತ ಗೊತ್ತಾಗೋಕೂ ಯಾರೂ ಬಿಟ್ಟಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಕೂತು ನಿಜಕ್ಕೂ ಅತ್ತುಬಿಟ್ಟೆ. ಅತ್ತೆ ಅಲ್ಲೇ ದಂಟಿನ ಸೊಪ್ಪು ಬಿಡಿಸ್ತಾ ಇದ್ದರು. ನಾನು ಬೈಕಿಂದ ಬಿದ್ದರೆ ಪೆಟ್ಟಾಗದಿರಲಿ ಅಂತ ತಂದಿದ್ದ ಮಂಡಿ ಗಾರ್ಡನ್ನ ಸೀರೆ ಮೇಲೆ ಕಟ್ಟಿಕೊಂಡಿದ್ದರು. ಅದು ಕಟ್ಟಿಕೊಂಡರೆ ಮಂಡಿ ನೋವು ಕಮ್ಮಿ ಅಂತ ಅವರೇ ಕಂಡುಹಿಡಿದಿದ್ದು.

"ಯಾಕೆ ಅಳ್ತೀಯಾ? ಎಲ್ಲಾ ಸಹಾಯ ತಾನೇ ಮಾಡ್ತಿರೋದು" ಅಂದರು.

"ಅದೇ ಅತ್ತೆ ಕಷ್ಟ."

ಅತ್ತೆ ಇನ್ನೊಂದು ದಂಟು ಮುರಿದು ಮಡಿಲಿಗೆ ಹಾಕಿಕೊಂಡರು. ಆಮೇಲೆ ಹೇಳಿದರು.

"ನಾನೂ ಸೈಕಲ್ ಕಲಿಯೋಕೆ ಹೋಗಿದ್ದೆ ಕಣೇ. ಲಂಗ ಹಾಕ್ಕೊಳ್ಳೋ ವಯಸ್ಸು. ಒಂದು ಸುತ್ತು ಚೆನ್ನಾಗೇ ಹೋದೆ. ಆಮೇಲೆ ಬಿದ್ದೆ. ನಮ್ಮಣ್ಣ ಓಡಿಬಂದು ನನ್ನೂ ಎತ್ತಿದ, ಸೈಕಲ್ಲೂ ಎತ್ತಿದ. ನನ್ನ ಮನೇಲಿ ಬಿಟ್ಟ, ಸೈಕಲ್ ತಗೊಂಡು ಹೋದ. ಮತ್ತೆ ಕೊಡಲೇ ಇಲ್ಲ. ಒಳ್ಳೆಯವನೇ ಪಾಪ. ನಂಗೆ ನೋವಾಗುತ್ತೆ ಅಂತ ಅವನ ಹೆದರಿಕೆ."

ಇಷ್ಟು ವರ್ಷದಲ್ಲಿ ಅವರು ಈ ಮಾತು ಒಮ್ಮೆಯೂ ಹೇಳಿರಲಿಲ್ಲ. ನನಗೆ ಅವರನ್ನ ತಬ್ಬಿಕೊಳ್ಳಬೇಕು ಅನ್ನಿಸಿತು, ಆದರೆ ಮಡಿಲ ತುಂಬ ಸೊಪ್ಪಿತ್ತು.

"ನಾಳೆಯಿಂದ ಗೇಟು ಹಾಕ್ಕೊಂಡು ಒಳಗೇ ಎತ್ತು. ನಾನು ಕಾವಲು ಕೂರ್ತೀನಿ. ಭಾನುವಾರ ಬೀದಿಯವರನ್ನೂ ನಾನೇ ನೋಡ್ಕೋತೀನಿ" ಅಂದರು.

ಹಾಗೇ ಮಾಡಿದೆವು. ಬೆಳಿಗ್ಗೆ ಎದ್ದು ಕಾಂಪೌಂಡ್ ಒಳಗೆ ಹಾಸಿಗೆ ಹಾಸಿ ಗಾಡಿ ಮಲಗಿಸೋದು, ಅತ್ತೆ ಗೇಟಿಗೆ ಕುರ್ಚಿ ಹಾಕಿ ಕೂರೋದು. ಗಾಡಿ ಅರ್ಧದವರೆಗೂ ಏಳ್ತಿತ್ತು, ಅಲ್ಲಿಗೆ ನನ್ನ ಉಸಿರು ಮುಗೀತಿತ್ತು. ಶನಿವಾರಾನೂ ಅರ್ಧವೇ.

"ಅತ್ತೆ, ನಾಳೆ ಆ ಮಂಡಿ ಗಾರ್ಡು ಕೊಡಿ, ನಂಗೆ ಬೇಕು."

"ನೀನು ಬೀಳೋಕೆ ಕಟ್ಕೋತೀಯಾ. ನಾನು ಏಳೋಕೆ ಕಟ್ಕೊಂಡಿದೀನಿ. ಯಾರಿಗೆ ಜಾಸ್ತಿ ಬೇಕು, ನೀನೇ ಹೇಳು" ಅಂದರು.

೫. ಪರೀಕ್ಷೆ

ಭಾನುವಾರ ಗೈಡ್ ಬರೋ ಹೊತ್ತಿಗೆ ಬೀದಿ ತುಂಬ ಜನ. ಅತ್ತೆ ಹಿಂದಿನ ಸಂಜೆ ಮನೆ ಮನೆಗೂ ಹೋಗಿ, ಅರಿಶಿನ ಕುಂಕುಮಕ್ಕೆ ಕರೆಯೋ ಹಾಗೆ ಕರೆದು ಬಂದಿದ್ದರು: "ನಾಳೆ ನಮ್ ಸೊಸೆ ಗಾಡಿ ಎತ್ತುತಾಳೆ, ಬಂದು ನೋಡಿ. ಮುಟ್ಟಿದ್ರೆ ಮಾತ್ರ ನಾನು ಸುಮ್ನಿರಲ್ಲ." ಸೊಪ್ಪಿನಾಕೆ ಇದ್ದಳು, ಬೋರ್ಡ್ ಓದಿದ್ದ ಹಿರಿಯರಿದ್ದರು. ಎಲ್ಲರೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದರು. ನಮ್ಮನೆಯವರ ಮೇಲೆ ಅತ್ತೆಗೆ ನಂಬಿಕೆ ಇರಲಿಲ್ಲ. ಅವರ ಎರಡೂ ಕೈಗೆ ಅಂಚಿನವರೆಗೂ ಮಜ್ಜಿಗೆ ತುಂಬಿದ ದೊಡ್ಡ ಪಾತ್ರೆ ಕೊಟ್ಟು, "ಬಂದವರಿಗೆ ಕೊಡೋದು. ಒಂದು ತೊಟ್ಟು ಚೆಲ್ಲಬಾರದು" ಅಂದಿದ್ದರು.

ಗೈಡ್ ಗಾಡಿಯನ್ನ ಬಲಗಡೆಗೆ ಮಲಗಿಸಿದ. ಹಾಸಿಗೆ ಬೇಡ ಅಂದ. "ಯಾರೂ ಮುಟ್ಟಬಾರದು, ಗೊತ್ತಾಯ್ತಾ?" ಅಂತ ಎಲ್ಲರಿಗೂ ಗಟ್ಟಿಯಾಗಿ ಹೇಳಿದ.

ಬೆನ್ನು ಕೊಟ್ಟೆ. ಎತ್ತಿದೆ. ಅರ್ಧಕ್ಕೆ ಬಂತು, ಉಸಿರು ಮುಗೀತು. ಎದುರಿಗೆ ಕುರ್ಚಿ ಮೇಲೆ ಅತ್ತೆ ಕೂತಿದ್ದರು. ಮಂಡಿ ಗಾರ್ಡಿನ ಮೇಲೆ ಎರಡೂ ಕೈ ಊರಿಕೊಂಡು, ನನ್ನ ಜೊತೆ ತಾವೂ ಏಳೋಕೆ ಹೊರಟಿದ್ದರು. ಅದನ್ನ ನೋಡಿ ಎಲ್ಲಿಂದ ಶಕ್ತಿ ಬಂತೋ ಗೊತ್ತಿಲ್ಲ, ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಮತ್ತೊಂದು. ಗಾಡಿ ನೆಟ್ಟಗೆ ನಿಂತಿತು!

ಚಪ್ಪಾಳೆಯೋ ಚಪ್ಪಾಳೆ. ಆ ಸಂಭ್ರಮದಲ್ಲಿ ಸೈಡ್ ಸ್ಟ್ಯಾಂಡ್ ಹಾಕೋದನ್ನೇ ಮರೆತಿದ್ದೆ. ಗಾಡಿ ಎಡಗಡೆಗೆ ವಾಲಿ, ದಡಾರ್ ಅಂತ ಆ ಕಡೆಗೆ ಬಿತ್ತು.

ಬೀದಿಯೆಲ್ಲ "ಅಯ್ಯೋ" ಅಂತು. ಆದರೆ ಒಬ್ಬರೂ ಅಲುಗಾಡಲಿಲ್ಲ. ಸೊಪ್ಪಿನಾಕೆ ಕಣ್ಣು ಮುಚ್ಚಿಕೊಂಡಳು. ನಮ್ಮನೆಯವರ ಪಾದದ ಮೇಲೆಲ್ಲ ಮಜ್ಜಿಗೆ, ಆದರೂ ನಿಂತ ಜಾಗ ಬಿಡಲಿಲ್ಲ ಪುಣ್ಯಾತ್ಮ. ಒಬ್ಬನೇ ಒಬ್ಬ ಮಾತ್ರ ಹಾರಿ ಬಂದ. ಒಂದೇ ಏಟಿಗೆ ಗಾಡಿ ಎತ್ತಿ, ಸ್ಟ್ಯಾಂಡ್ ಹಾಕಿ, ಸೀಟಿನ ಧೂಳು ಒರೆಸಿ, "ಪೆಟ್ಟಾಯ್ತಾ ಮೇಡಂ?" ಅಂದ.

ಗೈಡ್!

ಬೀದಿಯವರೆಲ್ಲ ಅವನ ಕೈಯನ್ನೇ ನೋಡಿದರು. ತಾನು ಏನು ಮಾಡಿದೆ ಅಂತ ಅವನಿಗೆ ಆಗ ಹೊಳೆಯಿತು. ಸೀಟಿನ ಮೇಲಿದ್ದ ಕೈ ಮೆಲ್ಲಗೆ ಹಿಂದಕ್ಕೆ ತಗೊಂಡ. ಅಷ್ಟರಲ್ಲಿ ಅತ್ತೆ ಕುರ್ಚಿಯಿಂದ ಎದ್ದಾಗಿತ್ತು.

"ಯಾರಪ್ಪಾ ನಿಂಗೆ ಮುಟ್ಟು ಅಂದಿದ್ದು?"

"ಸಾರಿ ಅಜ್ಜಿ. ಬಿದ್ದಿದ್ದು ನೋಡಿ ಕೈ ತಡೀಲಿಲ್ಲ."

"ಮಲಗಿಸು."

"ಬೇಡ ಅಜ್ಜಿ, ಅವರು ಎತ್ತಿದ್ರಲ್ಲ, ನಾನೇ ನೋಡಿದೆ. ಪಾಸ್ ಅಂತ..."

"ಹಂಗೆಲ್ಲ ಪಾಸ್ ಬೇಡ. ಅವಳೇ ಎತ್ತಿ, ಅವಳೇ ನಿಲ್ಲಿಸ್ಲಿ. ಮಲಗಿಸು ಅಂದೆ."

ಅವನು ಶಿಸ್ತಾಗಿ ಮತ್ತೆ ಬಲಗಡೆಗೆ ಮಲಗಿಸಿದ. ಈ ಸಲ ಮೊದಲು ಸ್ಟ್ಯಾಂಡ್ ಎಳೆದಿಟ್ಟೆ. ಆಮೇಲೆ ಬೆನ್ನು ಕೊಟ್ಟೆ. ಎಷ್ಟು ಭಾರ ಇತ್ತು ಅಂತ ಕೇಳಿದರೆ ನನಗೆ ನೆನಪಿಲ್ಲ. ಗಾಡಿ ಎದ್ದಿತು, ಎಡಕ್ಕೆ ವಾಲಿತು, ಸ್ಟ್ಯಾಂಡಿನ ಮೇಲೆ ನಿಂತಿತು. ಕೈ ಬಿಟ್ಟೆ. ನಿಂತೇ ಇತ್ತು. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಳ್ತಾ ಇದ್ದರು. ನನಗೂ ಕಣ್ಣು ತುಂಬಿ ಏನೂ ಕಾಣಲಿಲ್ಲ. ಓಡಿಹೋಗಿ ತಬ್ಬಿಕೊಂಡೆ, ಇವತ್ತು ಮಡಿಲಲ್ಲಿ ಸೊಪ್ಪಿರಲಿಲ್ಲ.

"ಮೇಡಂ ಪಾಸು!" ಅಂತ ಗೈಡ್ ಕೂಗಿದ.

"ಅವಳು ಪಾಸು, ಸರಿ" ಅಂದರು ಅತ್ತೆ, ನನ್ನ ಭುಜದ ಮೇಲಿಂದಲೇ ಅವನನ್ನ ನೋಡ್ತಾ. "ನೀನು ಫೇಲು ಕಣಪ್ಪಾ. ಇವಳು ಬಿದ್ದ ಕೂಡಲೇ ಓಡಿಬರೋನ ಜೊತೆ ಹೆಂಗೆ ಕಳಿಸ್ಲಿ?"

ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ತಲೆ ತಗ್ಗಿಸಿದ. ಅತ್ತೆ ಕುಂಟುತ್ತಾ ನಮ್ಮನೆಯವರ ಹತ್ರ ಹೋದರು. ಅರ್ಧ ಚೆಲ್ಲಿದ್ದ ಮಜ್ಜಿಗೆ ಪಾತ್ರೆ ತಗೊಂಡು ಬಂದು ಗೈಡ್ ಕೈಗೆ ಕೊಟ್ಟರು.

"ತಗೋ. ವಾಪಸ್ ಬರೋವರೆಗೂ ಇದನ್ನ ಹಿಡ್ಕೊಂಡೇ ಇರು."